ಅವಾಹಿ ಎಂಬ ಕರೆಯದ ನೆಂಟ

ಬಾಡಿಗೆ ಕರಾರನ್ನು ಸ್ಕ್ಯಾನ್ ಮಾಡಿ ಹತ್ತು ನಿಮಿಷದಲ್ಲಿ ಕಳಿಸಬೇಕು. ಕಾಗದ ಗಾಜಿನ ಮೇಲೆ ಮಲಗಿದೆ. ಲಿನಕ್ಸ್ (ವಿಂಡೋಸ್‌ನಂಥ ಇನ್ನೊಂದು ಕಾರ್ಯಾಚರಣ ವ್ಯವಸ್ಥೆ) ಕಂಪ್ಯೂಟರಿನ ಮೆನುವಿನಲ್ಲಿ ಸ್ಕ್ಯಾನ್ ಮಾಡುವ ತಂತ್ರಾಂಶ ಎಲ್ಲಿ? 'ಆಫೀಸ್'ನಲ್ಲಿಲ್ಲ, 'ಆಕ್ಸೆಸರೀಸ್'ನಲ್ಲೂ ಇಲ್ಲ. ಅದು ಕೂತಿರುವುದು 'ಗ್ರಾಫಿಕ್ಸ್'ನಲ್ಲಿ, ಚಿತ್ರ ಬಿಡಿಸುವವರ ಪಕ್ಕ! ಲಿನಕ್ಸ್ ಮೆನುವಿನ ನಿಯಮ ಬರೆದವರ ಪ್ರಕಾರ ಸ್ಕ್ಯಾನಿಂಗ್ ಚಿತ್ರ ಬಿಡಿಸುವುದರ ದಾಯಾದಿ. ಒಗ್ಗರಣೆ ಹೊತ್ತಿಗೆ ಸಾಸಿವೆ ಡಬ್ಬಿಯನ್ನು ದೇವರ ಮನೆಯಲ್ಲಿಟ್ಟು, "ಅಕ್ಷತೆಯೂ ಕಾಳೇ ತಾನೇ" ಅಂದ ಹಾಗೆ.

ಮೆನುವಿನಲ್ಲಿ ಕಾಣುವ ಪ್ರತಿ ತಂತ್ರಾಂಶದ ಜೊತೆ ಒಂದು ಡಾಟ್ ಡೆಸ್ಕ್‌ಟಾಪ್ ಕಡತ ಬರುತ್ತದೆ. ಯಾವ ಖಾನೆಗೆ ಹೋಗಬೇಕೆಂದು ಹೇಳುವುದು ಅದರೊಳಗಿನ 'ಕೆಟಗರೀಸ್' ಸಾಲು. ಬರೆಯುವವರು ತಂತ್ರಾಂಶ ಮಾಡಿದವರು, ಹುಡುಕುವ ಪಾಡು ನಮ್ಮದು.

ಹುಡುಕಿದ್ದು ಸಿಗದಿದ್ದರೂ ಸಹಿಸಬಹುದು. ಹುಡುಕದೇ ಸಿಗುವವರದ್ದು ಕಾಟ. ಅವಾಹಿ ಎಂಬ ತಂತ್ರಾಂಶವನ್ನೇ ನೋಡಿ. ಮಡಗಾಸ್ಕರ್‌ನ ಲೀಮರ್ ಎಂಬ ಪ್ರಾಣಿಯ ಒಂದು ಜಾತಿಯ ಹೆಸರು; ಕೆಲಸ, ಮನೆಯ ನೆಟ್‌ವರ್ಕಿನಲ್ಲಿ ಪ್ರಿಂಟರು ಇತ್ಯಾದಿಗಳನ್ನು ತಾನಾಗಿ ಪತ್ತೆಹಚ್ಚುವುದು. ಸಂತೋಷ. ಆದರೆ ಲಿನಕ್ಸ್‌ನ ಒಂದು ಬಗೆಯಾದ ಆರ್ಚ್‌ನಂಥ ಕಡೆ ಅದು ಒಬ್ಬನೇ ಬರುವುದಿಲ್ಲ. ಎಸ್‌ಎಸ್‌ಎಚ್ ಸರ್ವರ್ ಬ್ರೌಸರ್, ವಿಎನ್‌ಸಿ ಸರ್ವರ್ ಬ್ರೌಸರ್, ಜೀರೋಕಾನ್ಫ್ ಬ್ರೌಸರ್ ಅಂತ ಮೂವರನ್ನು ಕರೆತಂದು ಮೆನುವಿನಲ್ಲಿ ಚಾಪೆ ಹಾಸಿಸುತ್ತದೆ. ಇವರು ಹುಡುಕುವುದು ನೆಟ್‌ವರ್ಕಿನಲ್ಲಿರುವ ಸೇವೆಗಳನ್ನು, ವೆಬ್ ಪುಟಗಳನ್ನಲ್ಲ. 'ಬ್ರೌಸರ್' ಎಂಬ ಪದ ನಂಬಿ ಮನೆಯ ಹಿರಿಯರು ಪೇಪರ್ ಓದಲು ಅದನ್ನೇ ಒತ್ತುತ್ತಾರೆ. ಏನೂ ಆಗುವುದಿಲ್ಲ. ಮತ್ತೆ ಒತ್ತುತ್ತಾರೆ. ಆಗಲೂ ಇಲ್ಲ, ಯಾಕೆಂದರೆ ಅದು ತೆರೆಯಲು ಬೇಕಾದ ಜಿಟಿಕೆ (ಕಿಟಕಿ, ಗುಂಡಿಗಳನ್ನು ಬಿಡಿಸಿಕೊಡುವ ತಂತ್ರಾಂಶ) ಐಚ್ಛಿಕ, ಹಾಕಿರದಿದ್ದರೆ ಕಿಟಕಿಯೇ ಬಾರದು. ಊಟಕ್ಕೂ ಕೂರದ, ಹೊರಡಲೂ ಒಲ್ಲದ ನೆಂಟರು! ಕಿತ್ತುಹಾಕೋಣವೆಂದರೆ ಇನ್ಯಾವುದೋ ಪ್ಯಾಕೇಜು ಅವಾಹಿಯ ಕೈ ಹಿಡಿದುಕೊಂಡಿರುತ್ತದೆ.

ಇಂಥವರ ಡಾಟ್ ಡೆಸ್ಕ್‌ಟಾಪ್ ಕಡತವನ್ನು /ಯುಎಸ್‌ಆರ್/ಶೇರ್/ಅಪ್ಲಿಕೇಶನ್ಸ್ (/usr/share/applications) ಕಡತಕೋಶದಿಂದ ಅಳಿಸಿದರೆ ಮುಂದಿನ ಅಪ್‌ಡೇಟ್‌ಗೆ ಮತ್ತೆ ಹಾಜರ್. ಅಳಿಸುವ ಬದಲು ಅದನ್ನು ನಮ್ಮದೇ ಹೋಮ್ ಕಡತಕೋಶದ .ಲೋಕಲ್/ಶೇರ್/ಅಪ್ಲಿಕೇಶನ್ಸ್‌ಗೆ (.local/share/applications) ಅದೇ ಹೆಸರಲ್ಲಿ ನಕಲು ಮಾಡಿ, 'ನೋಡಿಸ್‌ಪ್ಲೇ=ಟ್ರೂ' (NoDisplay=true, ಅಂದರೆ ಮೆನುವಿನಲ್ಲಿ ತೋರಿಸಬೇಡ) ಸೇರಿಸಬೇಕು. ಹೆಸರು ಒಂದಕ್ಷರ ಬದಲಾದರೂ ಹಳೆಯದು ಹಾಗೇ ಉಳಿಯುತ್ತದೆ. ಎರಡು ಕಡೆಯಿಂದ ಹಾಕಿಕೊಂಡರೆ ಚಿತ್ರ ತಿದ್ದುವ ಜಿಂಪ್ ಎರಡೆರಡು ಕಾಣುವುದೂ ಇದರಿಂದಲೇ: ಡಿಸ್ಟ್ರೋ (ನಾವು ಬಳಸುವ ಲಿನಕ್ಸ್ ಬಗೆ) ಕೊಟ್ಟದ್ದರ ಕಡತಕ್ಕೆ ಒಂದು ಹೆಸರು, ಫ್ಲಾಟ್‌ಪ್ಯಾಕ್ (ಯಾವ ಡಿಸ್ಟ್ರೋಗೂ ಹೊಂದುವ ತಂತ್ರಾಂಶ ಪೊಟ್ಟಣ) ಕೊಟ್ಟದ್ದಕ್ಕೆ ಇನ್ನೊಂದು, ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. 'ಹಿಡನ್=ಟ್ರೂ' (Hidden=true) ಅಂತ ಮಾತ್ರ ಬರೆಯಬೇಡಿ. ಹಾಗೆಂದರೆ ಆ ಕಡತವೇ ಇಲ್ಲ ಎಂದಂತೆ; ಪಿಡಿಎಫ್ ಓದುಗಕ್ಕೆ ಹಾಗೆ ಬರೆದರೆ 'ಓಪನ್ ವಿತ್' ಪಟ್ಟಿಯಿಂದಲೂ ಮಾಯ.

ನೋಡಿಸ್‌ಪ್ಲೇ ಸಾಲನ್ನು ಕಡತದ ತುದಿಯಲ್ಲಿ ಅಂಟಿಸಿ, ಕೆಲಸ ಮಾಡಲಿಲ್ಲವೆಂದು ಬೈದುಕೊಳ್ಳುವವರೂ ಇದ್ದಾರೆ. ತುದಿಯಲ್ಲಿ 'ಡೆಸ್ಕ್‌ಟಾಪ್ ಆ್ಯಕ್ಷನ್' ಎಂಬ ಭಾಗವಿದ್ದರೆ ಸಾಲು ಅದರ ಪಾಲಾಗುತ್ತದೆ, ಮೆನು ಕಣ್ಣೆತ್ತಿಯೂ ನೋಡದು. ಮೇಲಿನ 'ಡೆಸ್ಕ್‌ಟಾಪ್ ಎಂಟ್ರಿ' ಭಾಗದಲ್ಲೇ ಬರೆಯಬೇಕು. ಅಲ್ಲಿ ಹತ್ತಾರು ಭಾಷೆಗಳ ಹೆಸರಿನ ಸಾಲು ದಾಟುವಾಗ, ಕೆಲವು ಕಡತಗಳಲ್ಲಿ, 'ಕೆಎನ್' ಗುರುತಿನ ಮುಂದೆ ಕನ್ನಡ ಸಿಗುತ್ತದೆ. ಯಾರೋ ಬಿಟ್ಟಿಯಾಗಿ, ಒಂದು ರಾತ್ರಿ ಕೂತು, ಸರಿಯಾದ ಪದಕ್ಕೆ ತಲೆ ಕೆರೆದುಕೊಂಡು ಬರೆದದ್ದಿರಬೇಕು. ನಾವು ಅದರ ಕೆಳಗೇ ಬರೆಯುತ್ತೇವೆ: ನೋಡಿಸ್‌ಪ್ಲೇ.