ಜೌಗು ಅಂದ್ರೆ ಪಾಳು ಜಾಗವಲ್ಲ

ಜೌಗು ನೆಲ ಸುಮ್ನೆ ಸೊಳ್ಳೆ ತಾಣ, ಮಣ್ಣು ತುಂಬಿಸಿದರೆ ಊರಿಗೆ ನೆರೆಯೂ ಬರಲ್ಲ ಅನ್ನೋ ಮೆಸೇಜ್ ಮತ್ತೆ ಮತ್ತೆ ಬರುತ್ತದೆ. ಇದು ತಪ್ಪು. ಕಳಿಸುವವರ ಆತಂಕ ಮಾತ್ರ ನಿಜವೇ. ಮನೆಗೆ ನೀರು ನುಗ್ಗಿದರೆ ಯಾರಿಗೆ ತಾನೆ ಭಯ ಆಗಲ್ಲ?

ಮಳೆಗಾಲದಲ್ಲಿ ಕೆರೆಯಂಚಿನ ಜೊಂಡಿನ ನಡುವೆ ಕಾಲಿಟ್ಟು ನೋಡಿ. ಪಾದ ಹೂತು, ಸುತ್ತ ನೀರು ಜಿನುಗುತ್ತದೆ. ಆ ಮಣ್ಣು ಮಳೆನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಡುತ್ತದೆ. ಎಷ್ಟೋ ಕಡೆ ಅಂತರ್ಜಲಕ್ಕೂ ಅದೇ ಆಸರೆ. ಮುಚ್ಚಿದರೆ ಅದೇ ನೀರು ರಸ್ತೆಗೆ ಬರುತ್ತದೆ, ಬೇಸಿಗೆಗೆ ಉಳಿಯುವುದಿಲ್ಲ. ಹವಾಮಾನ ಬದಲಾಗಿ ಮಳೆ ಒಮ್ಮೆಲೇ ಜಾಸ್ತಿ ಸುರಿಯುವಾಗ ಈ ಜಾಗ ಇನ್ನೂ ಮುಖ್ಯ. ಆದರೂ ನೀರಿನ ಜಾಗದ ಮೇಲೇ ಊರು ಕಟ್ಟಿದ್ದೇವೆ. ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವುದು ಹಳೇ ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಅಲ್ವಾ?

ಇನ್ನು ಸೊಳ್ಳೆ. ಕೊಳಚೆ ಸೇರಿದರೆ ಕಾಟ ನಿಜ. ಆದರೆ ಡೆಂಗಿ ಸೊಳ್ಳೆ ಹೆಚ್ಚಾಗಿ ಮನೆಯ ಡ್ರಮ್, ಹಳೇ ಟೈರುಗಳಲ್ಲೇ ಹುಟ್ಟುತ್ತದೆ. ಜೀವಂತ ಕೆರೆಯಲ್ಲಿ ಮೀನು, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿ ತಿನ್ನುತ್ತವೆ.

ನೀವೇ ಪರೀಕ್ಷಿಸಿ. ಗೂಗಲ್ ಅರ್ಥ್‌ನಲ್ಲಿ ನಿಮ್ಮೂರಿನ ಹಳೇ ಉಪಗ್ರಹ ಚಿತ್ರ ತೆಗೆಯಿರಿ. ಜಮೀನಿನ ನಕ್ಷೆ ತೋರಿಸುವ ಕರ್ನಾಟಕ ಸರ್ಕಾರದ ದಿಶಾಂಕ್ ಆಪ್‌ನಲ್ಲಿ ಆ ಜಾಗದ ಸರ್ವೆ ನಂಬರ್ ನೋಡಿ. ನೀರು ನಿಲ್ಲುವ ಬೀದಿ ಮೊದಲು ಏನಾಗಿತ್ತು ಅಂತ ಹಿರಿಯರನ್ನೂ ಕೇಳಿ.