ಸ್ಟೆಪ್ನಿ ಮಾತ್ರ ಸ್ಟೀಲು

ಪಿಕಪ್ ಓಡಿಸುವವನಿಗೆ ಸ್ಟೇರಿಂಗ್ ಕಾಣುತ್ತದೆ, ಬಾನೆಟ್ ಕಾಣುತ್ತದೆ, ಕನ್ನಡಿಯಲ್ಲಿ ಹಿಂದಿನ ತೊಟ್ಟಿಯ ಅಂಚೂ ಕಾಣುತ್ತದೆ. ಕಾಣದೇ ಇರುವುದು ಅವನ ಚಕ್ರ. ಅದು ಬೇರೆಯವರಿಗೆ ಮಾತ್ರ ಕಾಣುತ್ತದೆ. ಆದರೂ ಗಾಡಿ ತೆಗೆದುಕೊಳ್ಳುವ ಮುಂಚೆ ಅವನು ಮೂರು ತಿಂಗಳು ನಿದ್ದೆಗೆಟ್ಟು ಯೋಚಿಸುವುದು ಯಾವುದರ ಬಗ್ಗೆ? ಇಂಜಿನ್ ಬಗ್ಗೆ ಅಲ್ಲ, ಬ್ರೇಕ್ ಬಗ್ಗೆ ಅಲ್ಲ, ಎಷ್ಟು ಭಾರ ಹೊರುತ್ತದೆ ಅನ್ನುವುದರ ಬಗ್ಗೆಯಂತೂ ಅಲ್ಲವೇ ಅಲ್ಲ. ಸ್ಟೀಲ್ ವೀಲ್ ಇರಲಾ, ಅಲಾಯ್ ಹಾಕಿಸಲಾ?

ಪ್ರಶ್ನೆಯೇ ತಮಾಷೆಯಾಗಿದೆ. ಅಲಾಯ್ ಅಂದರೆ ಬೆರಕೆ ಲೋಹ. ಸ್ಟೀಲೂ ಕಬ್ಬಿಣಕ್ಕೆ ಇಂಗಾಲ ಬೆರೆಸಿದ ಅಲಾಯೇ. ಅಂದರೆ ನಾವು ಇಷ್ಟು ದಿನ ತಲೆ ಕೆಡಿಸಿಕೊಂಡಿರುವುದು ಬೆರಕೆ ಬೇಕಾ, ಬೆರಕೆ ಬೇಕಾ ಅಂತ. ಮಾರುವವರು ಅಲಾಯ್ ಅನ್ನುವುದು ಅಲ್ಯುಮಿನಿಯಂಗೆ. ಅದರಲ್ಲಿ ಸಾಮಾನ್ಯವಾಗಿ ನೂರಕ್ಕೆ 7 ಪಾಲಿನಷ್ಟು ಸಿಲಿಕಾನ್, ಚಿಟಿಕೆ ಮೆಗ್ನೀಸಿಯಂ ಇರುತ್ತದೆ. ಆದರೆ ಅಲ್ಯುಮಿನಿಯಂ ಚಕ್ರ ಅಂದುಬಿಟ್ಟರೆ ಪಾತ್ರೆಪಡಗ ನೆನಪಾಗುತ್ತದೆ ನೋಡಿ, ಅದಕ್ಕೇ ಯಾರೂ ಹಾಗೆ ಅನ್ನುವುದಿಲ್ಲ. ಇನ್ನೂ ಕೆಲವರು ಮ್ಯಾಗ್ ವೀಲ್ ಅನ್ನುತ್ತಾರೆ. ಹಿಂದೆ ರೇಸ್ ಕಾರುಗಳಿಗೆ ನಿಜವಾಗಿಯೂ ಮೆಗ್ನೀಸಿಯಂ ಚಕ್ರ ಹಾಕುತ್ತಿದ್ದರು, ಲೋಹ ಹೋಯಿತು, ಹೆಸರು ಉಳಿಯಿತು.

ಆಮೇಲೆ ಶುರುವಾಗುತ್ತದೆ ಹಗುರದ ಭಜನೆ. "ಅಲಾಯ್ ಹಗುರ ಸಾರ್, ಸ್ಪ್ರಿಂಗ್ ಕೆಳಗಿನ ತೂಕ ಕಮ್ಮಿ ಆಗುತ್ತೆ." ಮಾತು ಸುಳ್ಳಲ್ಲ. ಒಂದು ಲೀಟರ್ ಜಾಗ ತುಂಬುವ ಸ್ಟೀಲ್ 7.8 ಕೆಜಿ ತೂಗಿದರೆ ಅಲ್ಯುಮಿನಿಯಂ ತೂಗುವುದು 2.7 ಕೆಜಿ. 1924ರಲ್ಲಿ ಬುಗಾಟಿ ಟೈಪ್ 35 ರೇಸ್ ಕಾರು ಅಲ್ಯುಮಿನಿಯಂ ಚಕ್ರ ಹಾಕಿಕೊಂಡು ಬಂದಿದ್ದೂ ಇದೇ ಕಾರಣಕ್ಕೆ ಇರಬೇಕು. ಆದರೆ ಅದು ರೇಸ್ ಕಾರು ಸ್ವಾಮಿ, ಅದರ ಬೆನ್ನ ಮೇಲೆ ಸಿಮೆಂಟ್ ಮೂಟೆ ಇರಲಿಲ್ಲ. ಇನ್ನೊಂದು ವಿಷಯ, ಅಲ್ಯುಮಿನಿಯಂಗೆ ಸ್ಟೀಲಿನಷ್ಟು ಗಟ್ಟಿತನ ಇಲ್ಲದ ಕಾರಣ ಚಕ್ರವನ್ನು ದಪ್ಪಗೆ ಎರಕ ಹೊಯ್ಯಬೇಕು. ಹೀಗಾಗಿ ಒಂದೇ ಅಳತೆಯ ಚಕ್ರಗಳಲ್ಲಿ ಉಳಿಯುವುದು ಒಂದಿಷ್ಟು ಕೆಜಿ ಅಷ್ಟೇ. ಅದನ್ನೂ ನಮ್ಮ ವೀರ ಉಳಿಸುವುದಿಲ್ಲ, ಯಾಕೆಂದರೆ ಅವನು ಒಂದೇ ಅಳತೆಯದು ತೆಗೆದುಕೊಳ್ಳುವುದೇ ಇಲ್ಲ. 16 ಇಂಚಿನ ಸ್ಟೀಲ್ ಬಿಚ್ಚಿಸಿ 20 ಇಂಚಿನ ಅಲಾಯ್ ಹಾಕಿಸುತ್ತಾನೆ, ಅದು ಎಷ್ಟೋ ಸಲ ಬಿಚ್ಚಿದ ಸ್ಟೀಲಿಗಿಂತಲೇ ಭಾರ ಇರುತ್ತದೆ, ಅದರ ಮೇಲೆ ಮುಂದೊಂದು ಕಬ್ಬಿಣದ ಗಾರ್ಡು, ಮೇಲೊಂದು ಕಬ್ಬಿಣದ ಕ್ಯಾರಿಯರ್ರು, ಯಾರೂ ಯಾವತ್ತೂ ಕಾಲಿಡದ ಎರಡು ಫುಟ್‌ಬೋರ್ಡು ಹಾಕಿಸಿ, ಆಮೇಲೂ ಹೇಳುತ್ತಾನೆ, ಅಲಾಯ್ ಹಗುರ ಅಂತ.

ಈ 16ರಿಂದ 20ಕ್ಕೆ ಹಾರುವ ಲೆಕ್ಕ ಸ್ವಲ್ಪ ನೋಡೋಣ, ಮಜವಾಗಿದೆ. 265/70 ಆರ್ 16 ಅಂದರೆ 265 ಮಿಲಿಮೀಟರ್ ಅಗಲದ, ಗೋಡೆ ಆ ಅಗಲದ ನೂರಕ್ಕೆ 70 ಪಾಲು ಇರುವ, 16 ಇಂಚಿನ ಚಕ್ರದ ಟೈರು. ಅದರ ಗೋಡೆ 185 ಮಿಲಿಮೀಟರ್ ಎತ್ತರ. ಹೊರಗಿನ ಸುತ್ತಳತೆ ಹೆಚ್ಚುಕಮ್ಮಿ ಅಷ್ಟೇ ಇರಲಿ ಅಂತ 265/50 ಆರ್ 20 ಹಾಕಿದರೆ ಗೋಡೆ 132 ಮಿಲಿಮೀಟರಿಗೆ ಇಳಿಯುತ್ತದೆ. ಹೋದ 53 ಮಿಲಿಮೀಟರ್ ಏನು ಗೊತ್ತಾ? ಗಾಳಿ. ಗುಂಡಿಗೆ ಬಿದ್ದಾಗ ನಿಮ್ಮ ಸೊಂಟ ಕಾಯುತ್ತಿದ್ದ ಗಾಳಿ. ಬಿಟ್ಟಿ ಗಾಳಿ ತೆಗೆಸಿ ದುಡ್ಡು ಕೊಟ್ಟು ಲೋಹ ತುಂಬಿಸಿದ ಮೇಲೆ "ಯಾಕೋ ಗಾಡಿ ಜಾಸ್ತಿ ಎತ್ತಿ ಹಾಕುತ್ತಿದೆ" ಅಂತ ಶಾಕ್ ಅಬ್ಸಾರ್ಬರ್ ಬದಲಿಸಲು ಹೊರಡುವ ಜನ ನಾವು.

ಭಾರದ ಕಥೆ ಇನ್ನೂ ಚೆನ್ನಾಗಿದೆ. ಟೈರಿನ ಪಕ್ಕದಲ್ಲಿ ಒಂದು ನಂಬರು ಇರುತ್ತದೆ, ಲೋಡ್ ಇಂಡೆಕ್ಸ್. 112 ಅಂದರೆ ಆ ಟೈರು 1120 ಕೆಜಿ ಹೊರುತ್ತದೆ, 107 ಅಂದರೆ 975 ಕೆಜಿ. ಚಂದದ ದೊಡ್ಡ ಚಕ್ರಕ್ಕೆ ಟೈರು ಹುಡುಕುವ ಭರದಲ್ಲಿ 112 ಇದ್ದ ಜಾಗಕ್ಕೆ 107 ಬಂದು ಕೂತರೆ, ಹಿಂದಿನ ಎರಡು ಟೈರು ಸೇರಿ 290 ಕೆಜಿ ತಾಕತ್ತು ಕಳೆದುಕೊಂಡ ಹಾಗಾಯಿತು. ಚಕ್ರಕ್ಕೂ ಹೀಗೇ ಒಂದು ಮಿತಿ ಇದೆ, ಎಷ್ಟೋ ಚಕ್ರಗಳ ಒಳಮೈಯಲ್ಲಿ ಅಚ್ಚು ಹಾಕಿಯೇ ಇರುತ್ತಾರೆ. ಅದನ್ನು ನೋಡಲು ಬಗ್ಗಬೇಕು. ಬಗ್ಗುವವರು ಯಾರು? ಆರು ತೂತು ಆರು ಬೋಲ್ಟಿಗೆ ಸರಿಯಾಗಿ ಕೂತವಲ್ಲ, ಸಾಕು! ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಎಷ್ಟು ಹೊರಗೆ ಕೂರಬೇಕು ಅನ್ನುವ ಅಳತೆ, ತಪ್ಪಿ ಚಕ್ರ ಮಡ್‌ಗಾರ್ಡಿನಿಂದ ಮೂರು ಬೆರಳು ಆಚೆ ಬಂದರೂ ಅದು ಲುಕ್ಕು. ಬೇರಿಂಗ್ ಗೊರಗೊರ ಅಂದಾಗ ಮಾತ್ರ ಅದು ಕಂಪನಿಯ ತಪ್ಪು.

ಕಂಪನಿಯವರೂ ಏನು ಕಮ್ಮಿಯಿಲ್ಲ. ಕೆಲಸಕ್ಕೆ ಅಂತ ಮಾಡಿದ ಬಡ ಮಾಡೆಲ್ಲಿಗೆ ಸಣ್ಣ ಸ್ಟೀಲ್ ಚಕ್ರ, ದುಬಾರಿ ಮಾಡೆಲ್ಲಿಗೆ ದೊಡ್ಡ ಅಲಾಯ್ ಮತ್ತು ಸಾವಿರ ಸಾಮಾನು. ಆ ಸಾಮಾನಿನ ತೂಕವೂ ಗಾಡಿಯ ಲೆಕ್ಕಕ್ಕೇ ಸೇರುವುದರಿಂದ ಎಷ್ಟೋ ಪಿಕಪ್‌ಗಳಲ್ಲಿ ದುಬಾರಿಯದು ಹೊರುವ ಭಾರವೇ ಕಮ್ಮಿ. ಜಾಸ್ತಿ ದುಡ್ಡು ಕೊಟ್ಟು ಕಮ್ಮಿ ಹೊರಿಸುವುದು. ಕತ್ತೆ ಸಾಕಿದವರಿಗೂ ಈ ಐಡಿಯಾ ಹೊಳೆದಿರಲಿಲ್ಲ.

ಹಾಗಂತ ಸ್ಟೀಲ್ ಭಕ್ತರನ್ನು ಸುಮ್ನೆ ಬಿಡಬೇಕಾ? "ಸ್ಟೀಲ್ ಆದ್ರೆ ಬಗ್ಗುತ್ತೆ, ಸುತ್ತಿಗೆ ತಗೊಂಡು ಬಡಿದರೆ ಸರಿಹೋಗುತ್ತೆ. ಅಲಾಯ್ ಆದ್ರೆ ಸೀಳುತ್ತೆ" ಅಂತ ಹತ್ತು ವರ್ಷದಿಂದ ಹೇಳುತ್ತಿರುವವರು ಒಂದು ಸಲವೂ ಸುತ್ತಿಗೆ ಹಿಡಿದವರಲ್ಲ. ಮಾತೇನೋ ನಿಜ, ಬಿದ್ದ ಪೆಟ್ಟಿಗೆ ಸ್ಟೀಲ್ ಬಗ್ಗುವುದೇ ಜಾಸ್ತಿ, ಎರಕದ ಅಲಾಯ್ ಬಿರುಕು ಬಿಡಬಹುದು. ಆದರೆ ಇಷ್ಟು ಅಭಿಮಾನ ಇರುವವನು ತನ್ನ ಸ್ಟೀಲ್ ಚಕ್ರಕ್ಕೆ ಏನು ಮಾಡುತ್ತಾನೆ? ಅಲಾಯ್ ಥರ ಕಾಣುವ ಪ್ಲಾಸ್ಟಿಕ್ ಮುಚ್ಚಳ ಹಾಕುತ್ತಾನೆ! ಅದು ಕಳಚಿ ಬೀಳದ ಹಾಗೆ ನಾಲ್ಕು ಕಡೆ ಪ್ಲಾಸ್ಟಿಕ್ ಟ್ಯಾಗ್ ಕಟ್ಟುತ್ತಾನೆ. ಅತ್ತ ಅಲಾಯ್ ಮಾಡುವವರು ದುಂಡು ತೂತು ಕೊರೆದು, ಮಂಕು ಕಪ್ಪು ಬಣ್ಣ ಬಳಿದು, ಹಳೇ ಕಾಲದ ಸ್ಟೀಲ್ ಥರವೇ ಕಾಣುವ ಅಲಾಯ್ ಬಿಟ್ಟಿದ್ದಾರೆ. ಸ್ಟೀಲಿಗೆ ಅಲಾಯ್ ವೇಷ, ಅಲಾಯಿಗೆ ಸ್ಟೀಲ್ ವೇಷ. ಮೇಳ ಕಟ್ಟುವುದೊಂದು ಬಾಕಿ.

ವೇಷ ಅಂದಮೇಲೆ ಬೀಡ್‌ಲಾಕ್ ಬಿಡಲಾಗದು. ಮರಳಲ್ಲಿ, ಬಂಡೆಯಲ್ಲಿ ಹೋಗುವವರು ಟೈರಿನ ಗಾಳಿ ತುಂಬಾ ಇಳಿಸುತ್ತಾರೆ. ಆಗ ಟೈರು ರಿಮ್ಮಿನಿಂದ ಕಳಚದಂತೆ ಸುತ್ತಲೂ ಒಂದು ಬಳೆ ಇಟ್ಟು ಬೋಲ್ಟ್ ಬಿಗಿದಿರುತ್ತಾರೆ. ಅದು ಬೀಡ್‌ಲಾಕ್. ನಮ್ಮವರಿಗೆ ಬೇಕಾಗಿರುವುದು ಬೋಲ್ಟು ಮಾತ್ರ. ಹಾಗಾಗಿ ಏನನ್ನೂ ಹಿಡಿಯದ ಬೋಲ್ಟುಗಳನ್ನು ಸುತ್ತಲೂ ಜೋಡಿಸಿದ ಅಲಾಯ್ ಸಿಗುತ್ತದೆ, ಪ್ರತಿ ಭಾನುವಾರ ಹಲ್ಲುಜ್ಜುವ ಬ್ರಷ್ ಹಿಡಿದು ಅವನ್ನು ಒಂದೊಂದಾಗಿ ಉಜ್ಜುವವರೂ ಸಿಗುತ್ತಾರೆ. ಇದೇ ಗಾಡಿ, ಬೆಟ್ಟ ಹತ್ತುವ ಟೈರು ಹಾಕಿಕೊಂಡ ಗಾಡಿ, ಫುಟ್‌ಪಾತಿನಿಂದ ಒಂದು ಗಜ ದೂರ ನಿಲ್ಲುತ್ತದೆ. ರಿಮ್ಮಿಗೆ ಗೀರು ಬಿದ್ದರೆ? ಡೈಮಂಡ್ ಕಟ್ ಬೇರೆ, ಅಂದರೆ ಮುಖವನ್ನು ಲೇತಿನಲ್ಲಿ ಹೆರೆದು ಹೊಳೆಯಿಸಿದ್ದು, ಮೇಲಿನ ಲ್ಯಾಕರ್ ಪದರ ಒಡೆದು ನೀರು ಇಳಿದರೆ ಒಳಗೆ ಬಿಳಿ ಹುಳ ಹರಿದ ಹಾಗೆ ಗೆರೆ ಮೂಡುತ್ತದೆ, ಮತ್ತೆ ಲೇತಿಗೆ ಕೊಟ್ಟು ಹೆರೆಸೋಣ ಅಂದರೆ ಹೆರೆಯುವುದಕ್ಕೂ ಲೋಹ ಉಳಿದಿರಬೇಕಲ್ವಾ.

ನನ್ನನ್ನು ಕೇಳಿದರೆ, ಕಂಪನಿ ಕೊಟ್ಟ ಅಳತೆ, ಭಾರಕ್ಕೆ ತಕ್ಕ ರೇಟಿಂಗ್, ಇಷ್ಟಿದ್ದರೆ ಎರಡರಲ್ಲಿ ಯಾವುದಾದರೂ ನಡೆಯುತ್ತದೆ. ಅಲ್ಯುಮಿನಿಯಂ ಬ್ರೇಕಿನ ಶಾಖ ಬೇಗ ಎಳೆದುಕೊಳ್ಳುತ್ತದೆ, ಸ್ಟೀಲ್ ಒರಟು ಕೆಲಸ ತಾಳುತ್ತದೆ. ಆದರೆ ನನ್ನನ್ನು ಯಾರು ಕೇಳುತ್ತಾರೆ.

ಗೆಳೆಯನೊಬ್ಬ ಕೇಳಲಿಲ್ಲ. ನಾಲ್ಕು ಹೊಸ ಅಲಾಯ್, ಕಳ್ಳರ ಭಯಕ್ಕೆ ಲಾಕ್ ನಟ್ಟು. ಒಂದು ದಿನ ದಾರಿಯಲ್ಲಿ ಹಿಂದಿನ ಟೈರು ಪಂಕ್ಚರ್ ಆಯಿತು. ಲಾಕ್ ನಟ್ಟಿನ ಕೀ ಎಲ್ಲಿ? ಮನೆಯ ಬೀರುವಿನಲ್ಲಿ, ಜೋಪಾನವಾಗಿ. ಯಾರೋ ತಂದುಕೊಟ್ಟರು. ನಟ್ಟು ಬಿಚ್ಚಿದರೂ ಚಕ್ರ ಕದಲಲಿಲ್ಲ. ಅಲ್ಯುಮಿನಿಯಂ ಚಕ್ರ, ಸ್ಟೀಲ್ ಹಬ್ಬು, ನಡುವೆ ನೀರಿನ ಪಸೆ, ಮೂರೂ ಸೇರಿ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಜಾಕಿ ಗಟ್ಟಿಯಾಗಿ ನಿಂತಿದೆಯಾ ಅಂತ ಎರಡೆರಡು ಸಲ ನೋಡಿ, ನಾನೊಂದು ಅವನೊಂದು ಒದ್ದು ಒದ್ದು ಬಿಡಿಸಿದೆವು. ಆಮೇಲೆ ತೊಟ್ಟಿಯ ಕೆಳಗಿಂದ ಸ್ಟೆಪ್ನಿ ಇಳಿಸಿದೆವು. ಕೆಸರು ಮೆತ್ತಿದ, ಅಲ್ಲಲ್ಲಿ ಕೆಂಪಾದ, ಅಪ್ಪಟ ಸ್ಟೀಲ್ ಚಕ್ರ. ಅದಕ್ಕೆ ಅಲಾಯ್ ನಟ್ಟು ಕೂರುವುದಿಲ್ಲ, ಬೇರೆ ನಟ್ಟು ಬೇಕು. ಅದೆಲ್ಲಿ? ಅದೂ ಬೀರುವಿನಲ್ಲಿ.

ಕತ್ತಲಾಗುವ ಹೊತ್ತಿಗೆ ಹೇಗೋ ಮುಗಿಯಿತು. ಇಷ್ಟೆಲ್ಲ ಪಟ್ಟ ಪಾಡಿಗೆ ನೆನಪಿರಲಿ ಅಂತ ಮೊಬೈಲ್ ತೆಗೆದು ಗಾಡಿ ಕಡೆ ಹಿಡಿದೆ. ಅವನು ಗಾಬರಿಯಿಂದ ಓಡಿ ಬಂದು ಸ್ಟೆಪ್ನಿಗೆ ಅಡ್ಡ ನಿಂತ.

"ಈ ಕಡೆಯಿಂದ ಬೇಡ ಮಾರಾಯ, ಆ ಕಡೆಯಿಂದ ತೆಗಿ."