ಕೆಂಟ್‌ನಲ್ಲಿ ಜೀವಂತ ಇಳಿದವನನ್ನು ಸತ್ತವನೆಂದರೆ ಹೇಗೆ?

ಮೊನ್ನೆ ರಾತ್ರಿ ಎರಡೂಕಾಲು ಗಂಟೆಗೆ ನನ್ನ ಹರಿಕೇನ್ ವಿಮಾನಕ್ಕೆ ಬೆಂಕಿ ಹತ್ತಿತು. ಕಾಕ್‌ಪಿಟ್ ತೆರೆದು ಜಿಗಿದೆ. ಪ್ಯಾರಾಚೂಟ್ ಬಿಚ್ಚಿಕೊಂಡಿತು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಒಂದು ಹೊಲದಲ್ಲಿ ಮೈಗೆ ಗೀರು ಕೂಡ ಬೀಳದಂತೆ ಇಳಿದೆ. ಮರುಕ್ಷಣವೇ ಪರದೆಯ ಮೇಲೆ ಒಂದು ಸಾಲು ಬಂತು: ನಿಮ್ಮ ಆಟ ಮುಗಿದಿದೆ. ಆನ್‌ಲೈನಿನಲ್ಲಿ ಸೇರಿ ಆಡುವ ನಮ್ಮ ವಿಮಾನ ಕಾಳಗದ ಕೂಟದಲ್ಲಿ ಈ ಸಲ ಎಲ್ಲರಿಗೂ ಒಂದೇ ಜೀವವಂತೆ, ಅದು ನ್ಯಾಯವಂತೆ.

ಯಾವ ನ್ಯಾಯ? ನಾವು ಆಡುತ್ತಿದ್ದದ್ದು 1940ರ ಬ್ರಿಟನ್ ಕದನ, ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಮತ್ತು ಬ್ರಿಟಿಷ್ ವಿಮಾನಪಡೆಗಳು ಇಂಗ್ಲೆಂಡಿನ ಆಕಾಶದಲ್ಲಿ ಕಾದಾಡಿದ್ದು. ಆ ಬೇಸಿಗೆಯಲ್ಲಿ ಇಂಗ್ಲೆಂಡಿನ ನೆಲದ ಮೇಲೆ ಜಿಗಿದ ಬ್ರಿಟಿಷ್ ಪೈಲಟ್ ಗಾಯಗೊಂಡಿರದಿದ್ದರೆ ತನ್ನ ಸ್ಕ್ವಾಡ್ರನ್‌ಗೆ ಮರಳಿ ಇನ್ನೊಂದು ವಿಮಾನ ಹತ್ತುತ್ತಿದ್ದ. ಅದೇ ಹೊಲದಲ್ಲಿ ಇಳಿದ ಜರ್ಮನ್ ಪೈಲಟ್ ಯುದ್ಧಕೈದಿಯಾಗುತ್ತಿದ್ದ. ಕಳೆದುಹೋದ ವಿಮಾನಗಳ ಜಾಗವನ್ನು ಕಾರ್ಖಾನೆಗಳು ತುಂಬುತ್ತಿದ್ದವು. ಬ್ರಿಟಿಷ್ ಕಾದಾಟದ ವಿಮಾನಗಳ ಪಡೆಯಾದ ಫೈಟರ್ ಕಮಾಂಡ್‌ನ ಮುಖ್ಯಸ್ಥ ಡೌಡಿಂಗ್ ಅವರ ನಿದ್ದೆ ಕೆಡಿಸಿದ್ದು ನುರಿತ ಪೈಲಟ್‌ಗಳ ಕೊರತೆ. ಆ ಕದನದ ತಿರುಳನ್ನೇ ಒಂದು ಸಾಲಿನ ನಿಯಮದಿಂದ ಅಳಿಸಿಹಾಕಿ, ಅದಕ್ಕೆ ಸಮಾನತೆ ಎಂದು ಹೆಸರಿಟ್ಟಿದ್ದಾರೆ.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದೆನೇನೋ. ಜರ್ಮನ್ನರ ಕಾದಾಟದ ವಿಮಾನ ಮೆಸರ್‌ಸ್ಮಿಟ್ 109 ಫ್ರಾನ್ಸಿನ ಕರಾವಳಿಯಿಂದ ಏರಿ, ಬಾಂಬರ್‌ಗಳ ಜೊತೆಗೂಡಿ, ಇಂಗ್ಲಿಷ್ ಕಾಲುವೆ ದಾಟಿ ಲಂಡನ್ ತಲುಪುವ ಹೊತ್ತಿಗೆ ಅದಕ್ಕೆ ಕಾದಾಡಲು ಉಳಿಯುತ್ತಿದ್ದದ್ದು ಸುಮಾರು ಹತ್ತು ನಿಮಿಷದ ಇಂಧನ. ಜರ್ಮನ್ ಪೈಲಟ್‌ಗಳನ್ನು ಕಾಡಿದ್ದೇ ಆ ಹತ್ತು ನಿಮಿಷ. ನಮ್ಮ ಆಯೋಜಕರು ಜರ್ಮನ್ ಪಾಳಯದವರನ್ನು ಕಾಲುವೆಯ ನಡುವೆ, ಇಪ್ಪತ್ತು ಸಾವಿರ ಅಡಿ ಎತ್ತರದಲ್ಲಿ, ತುಂಬಿದ ಟ್ಯಾಂಕಿನೊಂದಿಗೆ ಗಾಳಿಯಲ್ಲೇ ಆಟಕ್ಕೆ ಇಳಿಸಿದರು. ಇಪ್ಪತ್ತೈದು ನಿಮಿಷವಾದರೂ ಅವರು ಲಂಡನ್ ಮೇಲೆ ಸುತ್ತುತ್ತಲೇ ಇದ್ದರು. ನಮಗೆ ರೇಡಾರ್ ಸೂಚನೆಯೂ ಇಲ್ಲ, ಅದು ಒಂದು ಪಾಳಯಕ್ಕೆ ಹೆಚ್ಚಿನ ಅನುಕೂಲವಂತೆ! ಕರಾವಳಿಯ ರೇಡಾರ್ ಗೋಪುರಗಳು ಮುನ್ಸೂಚನೆ ಕೊಡುತ್ತಿದ್ದದ್ದರಿಂದಲೇ ಬ್ರಿಟಿಷರು ವಿಮಾನಗಳನ್ನು ನೆಲದಲ್ಲಿ ಸಜ್ಜಾಗಿಟ್ಟು ಕಾಯಲು ಸಾಧ್ಯವಾಗಿತ್ತು. ನಾವು ಕುರುಡರಂತೆ ಗಸ್ತು ತಿರುಗಿ ಇಂಧನ ಸುಟ್ಟೆವು. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

ನಮ್ಮ ವಿಮಾನದ ಕುಂದುಗಳನ್ನು ಮಾತ್ರ ಯಾರೂ ಮುಟ್ಟಲಿಲ್ಲ, ಮುಟ್ಟಬೇಕೆಂದು ನಾನು ಕೇಳುವುದೂ ಇಲ್ಲ. ಮೂಗನ್ನು ಒಮ್ಮೆಲೇ ಕೆಳಗೆ ಒತ್ತಿದರೆ ಹರಿಕೇನ್‌ನ ಮರ್ಲಿನ್ ಎಂಜಿನ್ ಕೆಮ್ಮಿ ಸುಮ್ಮನಾಗುತ್ತದೆ, ಏಕೆಂದರೆ ಅದರ ಕಾರ್ಬ್ಯುರೇಟರ್‌ಗೆ ಆ ಕ್ಷಣ ಇಂಧನ ಸರಿಯಾಗಿ ಸಿಗುವುದಿಲ್ಲ. ಮೆಸರ್‌ಸ್ಮಿಟ್‌ನ ಎಂಜಿನ್ನಿಗೆ ಇಂಧನವನ್ನು ನೇರವಾಗಿ ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆ ಇದೆ, ಅದು ತಲೆ ತಗ್ಗಿಸಿ ಜಾರಿಕೊಳ್ಳುತ್ತದೆ. ಬೆನ್ನಟ್ಟಬೇಕಾದರೆ ನಾವು ವಿಮಾನವನ್ನು ಮಗುಚಿ, ತಲೆಕೆಳಗಾಗಿ, ಜಾಯ್‌ಸ್ಟಿಕ್ಕನ್ನು ಎದೆಯ ಕಡೆಗೆ ಎಳೆದು ಧುಮುಕಬೇಕು. ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್ ಇದಕ್ಕೆ ಕಂಡುಹಿಡಿದ ಪುಟ್ಟ ಲೋಹದ ಬಿಲ್ಲೆ ವಿಮಾನಗಳಿಗೆ ಬಂದದ್ದು 1941ರಲ್ಲಿ. ಹಾಗಾಗಿ ಮೂರು ವಾರ ಹೀಗೆ ಮಗುಚಿ ಧುಮುಕುವುದೊಂದನ್ನೇ ಅಭ್ಯಾಸ ಮಾಡಿದೆ. ಯುರೋಪಿನವರಿಗೆ ರಾತ್ರಿ ಶುರುವಾಗುವಾಗ ಬೆಂಗಳೂರಿನಲ್ಲಿ ರಾತ್ರಿ ಒಂದೂವರೆ; ಪಕ್ಕದ ಕೋಣೆಯಲ್ಲಿ ಮಗು ಎದ್ದೀತೆಂದು ಮೈಕಿನಲ್ಲಿ ಪಿಸುಗುಟ್ಟುತ್ತಾ ಅಭ್ಯಾಸ ಮಾಡಿದೆ. ಆ ಕಷ್ಟವೇ ನನಗೆ ಇಷ್ಟ. ಬರೀ ಗುಂಡು ಹೊಡೆಯುವ ಆಟ ಬೇಕಿದ್ದರೆ ಮೊಬೈಲಿನಲ್ಲೇ ಬೇಕಾದಷ್ಟಿವೆ.

ಆಯೋಜಕರ ಉತ್ತರ ಒಂದೇ: ಹೀಗೆ ಮಾಡದಿದ್ದರೆ ಜರ್ಮನ್ ಪಾಳಯಕ್ಕೆ ಜನ ಬರುವುದಿಲ್ಲ. ಅವರ ಚಿಂತೆ ಸುಳ್ಳಲ್ಲ. ಸೋಲುವುದೇ ಖಚಿತವೆಂದು ಗೊತ್ತಿದ್ದರೆ ಯಾರು ತಾನೇ ರಾತ್ರಿಯಿಡೀ ಕೂರುತ್ತಾರೆ? ಆದರೆ ಅದಕ್ಕೆ ಮದ್ದು ಅಂಕಗಳಲ್ಲಿದೆ, ಇಂಧನದ ಟ್ಯಾಂಕಿನಲ್ಲಿಲ್ಲ. ಹೈಂಕೆಲ್ ಬಾಂಬರ್ ಗುರಿ ಮುಟ್ಟಿದರೆ ಇಷ್ಟು, ಕಾವಲಿನ ಮೆಸರ್‌ಸ್ಮಿಟ್ ಅದನ್ನು ಮನೆಗೆ ಕರೆತಂದರೆ ಇಷ್ಟು ಎಂದು ಅಂಕ ಕೊಡಿ. ಆಗ ಹತ್ತು ನಿಮಿಷವಿದ್ದವನಿಗೂ ಗೆಲ್ಲುವ ದಾರಿ ಇರುತ್ತದೆ. ಮುಂದಿನ ವಾರ ಪಾಳಯ ಅದಲುಬದಲು ಮಾಡಿ, ನಾನೇ ಮೆಸರ್‌ಸ್ಮಿಟ್ ಹತ್ತಿ ಇಂಧನದ ಮುಳ್ಳು ನೋಡುತ್ತಾ ಬೆವರುತ್ತೇನೆ. ಇದನ್ನೆಲ್ಲ ಎರಡು ಸಲ ಬರೆದು ತಿಳಿಸಿದ್ದೆ. ಬಂದ ಉತ್ತರ, ಇದು ಆಟ ತಾನೇ ಎಂಬ ಮೂರೇ ಪದ.

ನಿನ್ನೆ ಮುಂದಿನ ಕೂಟದ ಪಟ್ಟಿಗೆ ನನ್ನ ಹೆಸರು ಕೇಳಿದರು. ಒಂದೇ ಜೀವದ ಆ ಸಾಲನ್ನು ಮೊದಲು ಅಳಿಸಿ, ಆಮೇಲೆ ಕೇಳಿ ಎಂದು ಬರೆದು ಕಳಿಸಿದ್ದೇನೆ.